ಔಷಧದ ಡಬ್ಬಿಗೊಂದು ಖೋಲಿ

ಆ ಸಂಜೆ ನಮ್ಮ ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಮಾವನವರು ಕಂಬಕ್ಕೆ ಒರಗಿ ಜಮಖಾನೆಯ ಮೇಲೆ ಕೂತಿದ್ದರು. ಅವರೆದುರು, ಮನೆಗೆಲ್ಲ ಒಂದೇ ಇದ್ದ ಕುರ್ಚಿಯಲ್ಲಿ, ಕೃಷಿ ಇಲಾಖೆಯ ಸಾಹೇಬರು. ಕುರ್ಚಿಯ ಒಂದು ಕಾಲು ಕುಂಟುತ್ತಿದ್ದುದರಿಂದ ಪಾಪ, ಅವರು ಚಹಾದ ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಉಸಿರು ಬಿಗಿ ಹಿಡಿದು ಕುಡಿಯುತ್ತಿದ್ದರು. ನನ್ನ ಯಜಮಾನರು ನೆಲದ ಮೇಲೆ ಪೆನ್ಸಿಲ್ಲು, ಹಾಳೆ ಹಿಡಿದು ಕೂತಿದ್ದರು. ಒಳಬಾಗಿಲಲ್ಲಿ ಅತ್ತೆ ಮೊರದ ತುಂಬ ತೊಗರಿಬೇಳೆ ಹರವಿಕೊಂಡು ಕಲ್ಲು ಆರಿಸುತ್ತಿದ್ದರು. ಅವರ ಬೆನ್ನ ಹಿಂದೆ ನಾನು. ಹೊರಗಿನ ಹೊಸ್ತಿಲ ಹತ್ತಿರ, ಬಿಸಿ ರೊಟ್ಟಿಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, ಚಿಗವ್ವ ನಿಂತಿದ್ದಳು.

ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವಾದರೂ ಆಕೆ ನಮ್ಮ ರಕ್ತಸಂಬಂಧಿಯಲ್ಲ. ಕಿತ್ತೂರಿನ ಹತ್ತಿರದ ದೇಗಾಂವದವಳು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ರೊಟ್ಟಿ ಬಡಿದು ಬದುಕುತ್ತೇನೆಂದು ಬೈಲಹೊಂಗಲಕ್ಕೆ ಬಂದಾಗ ಮಾವನವರು ಅಂಗಡಿಯ ಮಗ್ಗುಲಿನ ಖೋಲಿಯನ್ನು ತೆಗೆದುಕೊಟ್ಟಿದ್ದರು. ಬೀದಿಗೆ ಬಾಗಿಲಿದ್ದ, ಮಣ್ಣಿನ ಗೋಡೆಯ, ಮೊದಲು ಎತ್ತು ಕಟ್ಟುತ್ತಿದ್ದ ಖೋಲಿ ಅದು. ಆಕೆ ಅದನ್ನು ಸಾರಿಸಿ, ಒಲೆ ಹೂಡಿ, ಬೀಸುವ ಕಲ್ಲು ಹಾಕಿಕೊಂಡು ನಿಂತಳು. ನಾನು ರಾಮದುರ್ಗದಿಂದ ಸೊಸೆಯಾಗಿ ಬರುವ ಹೊತ್ತಿಗೆ ಆಕೆಯ ರೊಟ್ಟಿಗೆ ಹತ್ತಿ ಅಡತಿಯ, ಅಂದರೆ ದಲಾಲಿ ಅಂಗಡಿಗಳ, ಮೂಟೆ ಹೊರುವ ಹಮಾಲರು, ಲಾರಿ ಡ್ರೈವರುಗಳು, ಮನೆ ಮಾಡದ ಮಾಸ್ತರರು ಸಾಲುಹಚ್ಚಿ ನಿಲ್ಲುತ್ತಿದ್ದರು. ಬಾಡಿಗೆ ಎಂಬ ಮಾತನ್ನು ಮಾವನವರೂ ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ. ದಿನವೂ ಸಂಜೆ ನಮ್ಮ ಮನೆಗೆ ಬೇಕಾಗುವಷ್ಟು ರೊಟ್ಟಿ ತಂದಿಟ್ಟು ಹೋಗುತ್ತಿದ್ದಳು, ಅಷ್ಟೇ. ಯಾರೂ ಕೇಳಿದ್ದಲ್ಲ, ಯಾರೂ ಬೇಡ ಎಂದದ್ದೂ ಅಲ್ಲ.

ಇನ್ನು ನಮ್ಮ ಅಂಗಡಿ. ಹೆಸರಿಗೆ ಕಿರಾಣಿ. ಬಲಗಡೆ ಬೆಲ್ಲದ ದೊಡ್ಡ ಗಟ್ಟಿಗಳಾದ ಪೆಂಟಿ, ಉಪ್ಪು, ಒಣಮೆಣಸಿನಕಾಯಿ. ಎಡಗಡೆ ಬೆಳೆಗೆ ಹೊಡೆಯುವ ಪುಡಿಯ ಚೀಲ, ಎಣ್ಣೆಯ ದೊಡ್ಡ ಡಬ್ಬಿ. ಬೆಳೆಯ ಔಷಧಕ್ಕೆ ನಮ್ಮ ಕಡೆ ರೈತರು ಎಣ್ಣೆ ಎಂದೇ ಅನ್ನುತ್ತಿದ್ದರು. ಸಣ್ಣ ಹೊಲದವರು ಹಳೇ ಬಾಟಲಿ ತರುತ್ತಿದ್ದರು. ಮಾವನವರು ದೊಡ್ಡ ಡಬ್ಬಿಯಿಂದ ಲಾಳಿಕೆ ಇಟ್ಟು ಅದಕ್ಕೆ ಸುರಿದು ಕೊಡುತ್ತಿದ್ದರು. ಪುಡಿ ತೂಗಿದ ತಕ್ಕಡಿಯನ್ನೇ ಗೋಣಿ ತಟ್ಟಿನಲ್ಲಿ ಒರೆಸಿ, ಅದರಲ್ಲೇ ಮುಂದಿನವರಿಗೆ ಬೆಲ್ಲ ತೂಗುತ್ತಿದ್ದರು. ಈಗ ನೆನೆದರೆ ಮೈ ಜುಂ ಎನ್ನುತ್ತದೆ. ಆಗ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೈಬ್ರಿಡ್ ಹತ್ತಿ ಬಂದ ಮೇಲಂತೂ ಉಪ್ಪು ಬೆಲ್ಲದ ಲಾಭ ಹೆಸರಿಗಷ್ಟೇ ಉಳಿದು, ಮನೆ ನಡೆಯುತ್ತಿದ್ದುದು ಎಡಗಡೆಯ ಮಾಲಿನಿಂದ.

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಇನ್ನೂ ಹೊಸತು. ಸರ್ಕಾರದ ಕಾಗದಗಳೆಲ್ಲ ಹೊಸ ಹೆಸರು ಹೊತ್ತು ಬರುತ್ತಿದ್ದವು. ಅವುಗಳ ಜೊತೆಗೇ ಔಷಧ ಮಾರುವವರ ಲೈಸೆನ್ಸಿನ ಹೊಸ ನಿಯಮವೂ ಬಂದಿತ್ತು. ಅದನ್ನು ತಿಳಿಸಿ ಹೇಳಲೆಂದೇ ಸಾಹೇಬರು ಬಂದದ್ದು.

"ಇನ್ನ ಮ್ಯಾಲ ಹಿಂಗ ನಡಿಯೂದಿಲ್ರಿ ಯಜಮಾನ್ರ," ಎಂದರು ಅವರು, ಬಸಿಯನ್ನು ಕೊನೆಗೂ ಕೆಳಗಿಟ್ಟು. "ತಿನ್ನೂ ಸಾಮಾನಿನ ಜೋಡಿ ವಿಷ ಇಡೂಹಂಗಿಲ್ಲ. ಅದಕ್ಕ ಬ್ಯಾರೆ ಖೋಲಿ ಬೇಕು, ಬ್ಯಾರೆ ಬಾಗಲಾ ಬೇಕು, ಗಟ್ಟಿ ಕೀಲಿ ಬೇಕು. ಡಬ್ಬಿ ಒಡದು ಬಿಡಿ ಮಾರೂಹಂಗಿಲ್ಲ. ಹೊರಗ ಬೋರ್ಡ ಬರಸಬೇಕು."

"ಫೀ ಎಷ್ಟ ಆಕ್ಕೈತ್ರಿ?" ಎಂದರು ಮಾವನವರು.

"ಫೀ ಏನ್ ದೊಡ್ಡದಲ್ಲ ಬಿಡ್ರಿ."

"ಫೀ ಮದುಮಗಳಿದ್ದಂಗ್ರಿ ಸಾಹೇಬ್ರ. ಆಕಿ ಒಬ್ಬಾಕಿ ಸಣ್ಣಾಕಿ. ಆಕಿ ಹಿಂದ ಬರೂ ಬೀಗರ ದಂಡ ನೋಡ್ರಿ!"

ಸಾಹೇಬರು ನಕ್ಕರು. ಕುರ್ಚಿಯೂ ಅವರ ಜೊತೆ ಅಲುಗಾಡಿತು. ಆದರೆ ನಮ್ಮ ಯಜಮಾನರು ನಗಲಿಲ್ಲ. ಅವರ ಹಾಳೆಯ ಮೇಲೆ ಆ ಬೀಗರ ದಂಡು ಆಗಲೇ ಸಾಲಾಗಿ ಇಳಿದಿತ್ತು. ಹಿತ್ತಲಲ್ಲಿ ಹೊಸ ಖೋಲಿ ಕಟ್ಟಬೇಕೆಂದರೆ ಕಲ್ಲು, ಸುಣ್ಣ, ಕಿತ್ತೂರ ಕಡೆಯಿಂದ ತರಿಸಬೇಕಾದ ತೊಲೆ, ಹಂಚು, ಬಾಗಿಲು. ಆ ಹಂಗಾಮಿಗೆಂದು ಕೂಡಿಟ್ಟ ಹಣವೆಲ್ಲ ಮೊದಲೇ ಡಬ್ಬಿಗಳಿಗೆ ಹೋಗಿತ್ತು. ಕಂಪನಿಯವರು ನಗದು ಇಲ್ಲದೆ ಮಾಲು ಇಳಿಸುತ್ತಿರಲಿಲ್ಲ. ಹತ್ತಿ ಹೂವಿಗೆ ಬರುವುದರೊಳಗೆ ಲೈಸೆನ್ಸ್ ಕೈಗೆ ಬರದಿದ್ದರೆ ಆ ಡಬ್ಬಿಗಳನ್ನು ಮಾರುವಂತಿಲ್ಲ. ಮಾರಿದರೆ ಜಪ್ತಿ.

"ಕಟ್ಟಾಕ ಆಗೂದಿಲ್ರಿ ಅಪ್ಪಾರ, ಈ ವರ್ಷ," ಎಂದರು ಅವರು ತಲೆ ಎತ್ತದೆ.

"ಪಡಸಾಲ್ಯಾಗ ಒಂದ್ ಗ್ವಾಡಿ ಹಾಕಿಬಿಟ್ರ?" ಎಂದರು ಮಾವನವರು.

ಅತ್ತೆ ಬೇಳೆಯಿಂದ ಕೈ ತೆಗೆಯಲಿಲ್ಲ. "ಹಾಕ್ರಿ. ನನ್ನ ಹಾಸಗಿ ತಗದು ಅಲ್ಲಿ ನಿಮ್ಮ ಎಣ್ಣಿ ಡಬ್ಬಿ ಮಲಗಸ್ರಿ. ನಾ ಬೆಲ್ಲದ ಪೆಂಟಿ ಮ್ಯಾಲ ಮಲಗತೇನಿ. ಇರಿವಿ ಕಡದ್ರ ಸರ್ಕಾರದವ್ರನ್ನ ಕರೀತೇನಿ."

ಎಲ್ಲರೂ ನಕ್ಕೆವು. ನಗು ಇಳಿಯಿತು. ಯಜಮಾನರು ಮತ್ತೆ ಹಾಳೆಗೆ ಬಾಗಿದರು. ಆಗ ಹೊಸ್ತಿಲ ಕಡೆಯಿಂದ ಚಿಗವ್ವನ ದನಿ ಬಂತು.

"ಯಣ್ಣಾ, ನನ್ನ ಖೋಲಿ ತಗೋರ್ರಿ. ನನಗೇನ್ರಿ, ಎಲ್ಲಿ ಒಲಿ ಹೂಡಿದ್ರೂ ರೊಟ್ಟಿ ಉಬ್ಬತಾವ."

ಇಲ್ಲಿ ನಾನು ನಮ್ಮ ಕಡೆಯ ಒಂದು ರೂಢಿಯನ್ನು ಹೇಳಲೇಬೇಕು. ನಾನು ಮಾತು ಕಲಿತದ್ದು ರಾಮದುರ್ಗದ ನಮ್ಮ ಅಜ್ಜಿಯ ಮಡಿಲಲ್ಲಿ. ಉಂಡು ಹೋಗಿರಿ ಎಂದು ಯಾರಾದರೂ ಕರೆದರೆ ಮೊದಲ ಸಲ ಒಲ್ಲೆ ಅನ್ನಬೇಕು, ಎರಡನೇ ಸಲ ಹೊಟ್ಟೆ ತುಂಬಿದೆ ಅನ್ನಬೇಕು, ಮೂರನೇ ಸಲಕ್ಕೆ ಕೈ ತೊಳೆಯಲು ಏಳಬೇಕು ಎಂದು ಆಕೆ ಕಲಿಸಿದ್ದಳು. ಕರೆಯುವವರೂ ಮೂರು ಸಲ ಕರೆಯಲೇಬೇಕು. ಒಮ್ಮೆ ನಮ್ಮ ಕಾಕಾ ಬೆಂಗಳೂರು ಕಡೆಯ ಒಬ್ಬ ಅಧಿಕಾರಿಯ ಮನೆಗೆ ಮಧ್ಯಾಹ್ನ ಹೋಗಿ, ಊಟ ಮಾಡ್ತೀರಾ ಎಂದರೆ ಒಲ್ಲೆ ಎಂದು, ಅವರು ಸರಿ ಎಂದು ಸುಮ್ಮನಾಗಿ, ಕಾಕಾ ಸಂಜೆವರೆಗೆ ಹಸಿದು ಕೂತು ಬಂದಿದ್ದರು. ಆ ಕತೆಯನ್ನು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಹೇಳಿ ನಗುತ್ತಿದ್ದರು. ಆ ಅಧಿಕಾರಿ ಎಷ್ಟು ತಿಳಿಯದವ ಎಂದು.

ಕೊಡುವುದಕ್ಕೂ ಇದೇ ರೂಢಿ. ಕಷ್ಟದಲ್ಲಿದ್ದವರ ಎದುರು, ನನ್ನದು ತಗೋರಿ, ಎಂದು ಅನ್ನುವುದು ಮನುಷ್ಯತ್ವ. ಛೆ, ನಿನ್ನದು ನಿನಗಿರಲಿ, ಎಂದು ತಡೆಯುವುದು ಎದುರಿನವರ ಮನುಷ್ಯತ್ವ. ಚಿಗವ್ವ ತನ್ನ ಪಾಲಿನದನ್ನು ಮಾಡಿದ್ದಳು. ತಡೆಯುವ ಮಾತು ನಮ್ಮ ಕಡೆಯಿಂದ ಬರಬೇಕಿತ್ತು. ಆಕೆ ಅದಕ್ಕಾಗಿ ಬುಟ್ಟಿ ಹಿಡಿದು ಕಾಯುತ್ತ ನಿಂತಿದ್ದಳು. ಆಕೆಯ ಮುಖದಲ್ಲಿ ಸಣ್ಣ ನಗು ಕೂಡ ಇತ್ತು.

ಯಾರೂ ಮಾತಾಡಲಿಲ್ಲ.

"ಅಲ್ಲಿಗೆ ಮುಗೀತಲ್ರಿ," ಎಂದರು ಸಾಹೇಬರು. ಅವರು ದೂರದ ಜಿಲ್ಲೆಯವರು, ನಮ್ಮ ಮಾತು ಕಲಿತಿದ್ದರೂ ಈ ರೂಢಿ ಕಲಿತಿರಲಿಲ್ಲ, ಅವರನ್ನು ಅಂದು ಫಲವಿಲ್ಲ. "ಬೀದಿಗೆ ಬಾಗಲಾನೂ ಐತಿ. ಇದರಕಿಂತ ಬೇಷ್ ಏನ್ ಬೇಕು?"

ನಮ್ಮ ಯಜಮಾನರ ಪೆನ್ಸಿಲ್ಲು ಹಾಳೆಯ ಮೇಲೆ ಕಟ್ಟಡದ ಖರ್ಚಿನ ಸಾಲನ್ನು ಮೇಲಿಂದ ಕೆಳಗೆ ಹೊಡೆದುಹಾಕಿತು. ಮಾವನವರು ಮಗನ ಕೈ ನೋಡಿದರು. ಆಮೇಲೆ ಹೊಸ್ತಿಲ ಕಡೆಗೆ ನೋಡದೆ, ನೆಲ ನೋಡುತ್ತ ಅಂದರು: "ಆತು ತಂಗಿ. ಹಂಗ ಮಾಡೂಣು."

ಚಿಗವ್ವನ ನಗು ಒಂದು ಕ್ಷಣ ಅಲ್ಲೇ ನಿಂತಿತು, ಎಲ್ಲಿಗೆ ಹೋಗಬೇಕು ಎಂದು ತಿಳಿಯದವರ ಹಾಗೆ. ಆಕೆ ಬುಟ್ಟಿಯನ್ನು ಅತ್ತೆಯ ಹತ್ತಿರ ಇಟ್ಟಳು. "ರೊಟ್ಟಿ ಆರತಾವ, ಉಣ್ರಿ," ಎಂದು ಹೇಳಿ ಹೋದಳು.

ಅವತ್ತು ಶೇಂಗಾ ಚಟ್ನಿ, ಎಣ್ಣೆಗಾಯಿ ಇತ್ತು. ನಾವೆಲ್ಲ ಹೊಟ್ಟೆ ತುಂಬ ಉಂಡೆವು. ಉಣ್ಣಲಾಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತೇನೋ. ಆದರೆ ಉಂಡೆವು.

ಪಾತ್ರೆ ಒರೆಸುವಾಗ ಅತ್ತೆ ಮೆಲ್ಲಗೆ ಅಂದರು, "ಬ್ಯಾಡ ಅನ್ನಬೇಕಾಗಿತ್ತವಾ."

"ನೀವ್ಯಾಕ ಅನಲಿಲ್ರಿ ಅತ್ತಿ?"

"ಗಂಡಸರು ಅಂತಾರಂತ ಸುಮ್ಮನಿದ್ದೆ. ನೀ ಯಾಕ ಅನಲಿಲ್ಲ?"

"ನೀವ್ ಅಂತೀರಂತ."

 ಆಮೇಲೆ ಗೊತ್ತಾಯಿತು: ಮಾವನವರು ಮಗ ಅಂತಾನೆಂದು ಕಾದಿದ್ದರು, ಮಗ ಅಪ್ಪ ಅಂತಾರೆಂದು ಕಾದಿದ್ದರು. ಒಬ್ಬೊಬ್ಬರೂ ಇನ್ನೊಬ್ಬರ ಬಾಯಿಯ ಮೇಲೆ ಭಾರ ಹಾಕಿ ಕೂತಿದ್ದೆವು. ನನ್ನ ಮಟ್ಟಿಗೆ ಇನ್ನೂ ಒಂದು ಮಾತಿದೆ. ಆಕೆ ಆ ಮಾತು ಅಂದ ಕೂಡಲೇ ನನ್ನ ಎದೆ ಹಗುರಾಗಿತ್ತು. ಪಡಸಾಲೆಗೆ ಗೋಡೆ ಬಂದರೆ ಅತ್ತೆಯ ಹಾಸಿಗೆಯ ಜೊತೆಗೆ ನಾವು ಗಂಡ ಹೆಂಡತಿ ಮಲಗುವ ಮೂಲೆಯೂ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಮರುದಿನ ಬೆಳಗ್ಗೆ ಮಾವನವರು ನನ್ನನ್ನು ಕರೆದರು. "ಹೋಗಿ ಆಕಿಗೆ ಹೇಳವಾ, ಅವಸರ ಏನಿಲ್ಲಂತ. ಸಾವಕಾಶ ನೋಡೂಣಂತ."

ನಾನು ಹೋದಾಗ ಚಿಗವ್ವ ಒಲೆಯನ್ನು ಆಗಲೇ ಕಿತ್ತಿದ್ದಳು. ಸುಟ್ಟು ಕೆಂಪಾದ ಮಣ್ಣನ್ನು ಬುಟ್ಟಿಗೆ ತುಂಬುತ್ತಿದ್ದಳು. ಹೊರಗೆ ಒಬ್ಬ ಹಮಾಲ ಕೈಗಾಡಿ ಹಿಡಿದು ನಿಂತಿದ್ದ.

"ಚಿಗವ್ವಾ, ಮಾವಾರು ಅವಸರ ಏನಿಲ್ಲಂದ್ರು," ಎಂದೆ.

"ಅವಸರ ಇಲ್ಲಂದ್ರ? ಇವತ್ತಲ್ಲ, ನಾಳಿಗಂತೇನು?"

ನಾನು ಕಾಲ ಹತ್ತಿರದ ಕೆಂಪು ಹೆಂಟೆಯೊಂದನ್ನು ಎತ್ತಿ ಬುಟ್ಟಿಗೆ ಹಾಕಿದೆ.

"ಬಿಡಬ್ಯಾಡ, ಇಲ್ಲೇ ಇರು ಅಂತ ಹೇಳಿ ಕಳಸ್ಯಾರೇನು?"

"ಹಂಗ… ಹಂಗೇನೂ ಹೇಳಿಲ್ಲ."

"ಇಲ್ಲಲ್ಲ? ಮತ್ತ ಬಾ, ಈ ಬೀಸೂ ಕಲ್ಲಿಗಿ ಒಂದ್ ಕೈ ಹಚ್ಚು."

ನಾನು ಕೈ ಹಚ್ಚಿದೆ. ಇಬ್ಬರೂ ಸೇರಿ ಕಲ್ಲನ್ನು ಕೈಗಾಡಿಗೆ ಏರಿಸಿದೆವು. ಇರು ಎಂಬ ಎರಡು ಅಕ್ಷರ ನನ್ನ ಬಾಯಿಯಲ್ಲೂ ಇತ್ತು. ಅದನ್ನು ಹೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ನಾನು ಕಲ್ಲನ್ನೇ ಎತ್ತಿದೆ.

ಆಕೆ ಹೋದದ್ದು ಗಾಡಿಗಳು ನಿಲ್ಲುವ ಬಯಲಿನ ಹಿಂದೆ, ಲಾರಿ ರಿಪೇರಿ ಮಾಡುವ ಒಬ್ಬ ಸಾಬರ ತಗಡಿನ ಗೂಡಿಗೆ. ಅವರು ಒಳ್ಳೆಯ ಮನುಷ್ಯರು, ಆದರೆ ಅವರಿಗೂ ಸಂಸಾರವಿತ್ತು. ತಿಂಗಳ ಬಾಡಿಗೆ ಗೊತ್ತುಮಾಡಿದರು. ಬಾಡಿಗೆ ಬಂದ ಮೇಲೆ ರೊಟ್ಟಿಯ ದರ ಏರಿತು. ದರ ಏರಿದ್ದಕ್ಕೆ ಹಮಾಲರಲ್ಲಿ ಅರ್ಧ ಜನ ಚುರುಮುರಿ, ಮಿರ್ಚಿಗೆ ಇಳಿದರು. ಮಳೆ ಬಿದ್ದಾಗ ತಗಡಿನ ಸಂದಿಯಿಂದ ನೀರಿಳಿದು ಕಟ್ಟಿಗೆ ನೆನೆಯುತ್ತಿತ್ತು. ನಮ್ಮ ಬೀದಿಯಲ್ಲಿ ಇದ್ದಾಗ ಒಲೆಯ ಹೊಗೆ ನೋಡಿಯೇ ಗಿರಾಕಿ ಬರುತ್ತಿದ್ದರು. ಇಲ್ಲಿ ಆಕೆ ಬುಟ್ಟಿ ಹೊತ್ತು ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಕಾಯಿತು. ಆಕೆಯ ಬದುಕು ನಿಲ್ಲುತ್ತದೋ ಇಲ್ಲವೋ ಎಂದು ನಾವೆಲ್ಲ ಕಳ್ಳಗಣ್ಣಿನಿಂದ ನೋಡುತ್ತಿದ್ದೆವು. ಬಾಯಿಬಿಟ್ಟು ಕೇಳುವ ಮುಖ ನಮಗಿರಲಿಲ್ಲ.

ಇತ್ತ ಖೋಲಿಗೆ ಸುಣ್ಣ ಬಂತು, ಬೀಗ ಬಂತು, ಬೆಂಕಿ ಬಿದ್ದರೆ ಇರಲಿ ಎಂದು ಉಸುಕು ತುಂಬಿದ ಕೆಂಪು ಬಕೆಟ್ಟು ಬಂತು. ಬೋರ್ಡಿನವ ಬಂದು ದೊಡ್ಡ ಅಕ್ಷರದಲ್ಲಿ ಬರೆದ. ಪುಡಿಯ ಚೀಲ, ಡಬ್ಬಿ ಎಲ್ಲ ಅಲ್ಲಿಗೆ ಹೋದವು. ಅಂಗಡಿ ನೋಡಿದರೆ ಚೊಕ್ಕಟವಾಗಿತ್ತು, ಬೆಲ್ಲದ ವಾಸನೆ ಬೆಲ್ಲದ್ದೇ ಆಗಿತ್ತು. ನಿಯಮ ಒಳ್ಳೆಯದೇ. ಅದನ್ನು ನಾನು ಅಂದೂ ಬೈದಿಲ್ಲ, ಇಂದೂ ಬೈಯುವುದಿಲ್ಲ. ವಿಷವನ್ನು ಅನ್ನದಿಂದ ದೂರ ಇಡಿ ಎಂದು ಸರ್ಕಾರ ಹೇಳಿತು. ನಾವು ಅನ್ನವನ್ನು ಎಬ್ಬಿಸಿ ಕಳಿಸಿ ಆ ಜಾಗದಲ್ಲಿ ವಿಷ ಇಟ್ಟೆವು. ಅದನ್ನು ನಮಗೆ ಯಾವ ನಿಯಮವೂ ಹೇಳಿಕೊಟ್ಟಿರಲಿಲ್ಲ.

ಹತ್ತಿ ಹೂವಿಗೆ ಬಂತು. ಲೈಸೆನ್ಸೂ ಬಂತು. ಬಾಟಲಿಯವರೂ ಬಂದರು. ಮುರಗೋಡದ ಕಡೆಯ ಒಬ್ಬ ರೈತ ಎಂದಿನ ಹಾಗೆ ಖಾಲಿ ಬಾಟಲಿಯನ್ನು ಕಟ್ಟೆಯ ಮೇಲಿಟ್ಟ.

"ಇನ್ನ ಹಾಕಿ ಕೊಡೂಹಂಗಿಲ್ಲೋ ತಮ್ಮಾ, ಇಡೀ ಡಬ್ಬಿ ತಗೋಬೇಕು," ಎಂದರು ಮಾವನವರು.

"ನಂದು ಇರೂದ ಎರಡೆಕರೆ ಹತ್ತಿರಿ. ಇಡೀ ಡಬ್ಬಿ ಒಯ್ದು ಉಳಿದದ್ದರಾಗ ನಾ ಜಳಕಾ ಮಾಡ್ಲೇನು?"

"ಜಳಕಾ ಮಾಡಿದ್ರ ನಿನ್ನ ಹೆಂಡ್ತಿ ನಮ್ಮ ಮನಿಗಿ ಜಗಳಕ್ಕ ಬರ್ತಾಳ. ಬ್ಯಾಡ. ಮಗ್ಗಲಿನವ್ರ ಜೋಡಿ ಕೂಡಿ ತಗೋ."

ಹಾಗೆಯೇ ಆಯಿತು. ನಾಲ್ಕೈದು ಜನ ಕೂಡಿ ಒಂದು ಡಬ್ಬಿ ಕೊಳ್ಳತೊಡಗಿದರು. ಕೊಂಡು, ಎದುರಿನ ಬೇವಿನ ಮರದ ಕೆಳಗೆ ಹೋಗಿ, ಅಲ್ಲೇ ಸೀಲು ಒಡೆದು ಬಾಟಲಿಗಳಿಗೆ ಹಂಚಿಕೊಳ್ಳುತ್ತಿದ್ದರು. ಕೂಡಲು ಜೊತೆ ಸಿಗದವರು ಆ ವರ್ಷ ಒಂದು ಸಲ ಎಣ್ಣೆ ಹೊಡೆಯುವುದನ್ನೇ ಬಿಟ್ಟರು. ದೊಡ್ಡ ರೈತರು, ಡಬ್ಬಿಯೇ ಕೊಳ್ಳುವುದಾದರೆ ಇಲ್ಲೇಕೆ ಎಂದು ಬೆಳಗಾವಿಗೋ ಹುಬ್ಬಳ್ಳಿಗೋ ಹೋದರು. ನಮ್ಮ ಯಜಮಾನರು ನಿರೀಕ್ಷೆ ಮಾಡಿದ್ದ ಲಾಭ ಬರಲಿಲ್ಲ. ನಷ್ಟವೂ ಆಗಲಿಲ್ಲ. ಹೇಗೋ ಹಂಗಾಮು ದಾಟಿತು.

ಲೆಕ್ಕ ತಪ್ಪಿದ್ದು ಬೇರೆ ಕಡೆ, ನನ್ನ ಅಡುಗೆ ಮನೆಯಲ್ಲಿ. ಚಿಗವ್ವ ಹೋದ ಮೇಲೆ ಸಂಜೆಯ ರೊಟ್ಟಿ ನನ್ನ ಪಾಲಿಗೆ ಬಂತು. ನಾನು ಬಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರುಕು. ಮಾವನವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದರಾಗ ರಾಮದುರ್ಗ ಕಾಣತೈತಿ ನೋಡವಾ," ಎಂದು ಚೇಷ್ಟೆ ಮಾಡಿ, ಆಮೇಲೆ ಚೇಷ್ಟೆ ಮಾಡಿದ್ದಕ್ಕೆ ತಾವೇ ಸಪ್ಪಗಾಗಿ, ಸುಮ್ಮನೆ ತಿನ್ನುತ್ತಿದ್ದರು. ಜೋಳದ ಚೀಲ ಮೊದಲಿಗಿಂತ ಬೇಗ ಬರಿದಾಗತೊಡಗಿತು. ಗಿರಣಿಯ ಬೀಸುವ ಕೂಲಿ, ಕಟ್ಟಿಗೆ, ಕುಳ್ಳು, ಎಲ್ಲ ಏರಿದವು. ಮನೆಖರ್ಚಿಗೆಂದು ಕೊಡುತ್ತಿದ್ದ ಹಣ ತಿಂಗಳ ಕೊನೆಗೆ ಮುಟ್ಟದಾಯಿತು. ಯಾಕೆ ಎಂದು ಯಜಮಾನರು ಕೇಳಿದಾಗ ನನಗೂ ತಿಳಿಯಲಿಲ್ಲ. ಒಂದು ದಿನ ಹಿಟ್ಟು ನಾದುತ್ತ ತಿಳಿಯಿತು.

"ಅತ್ತಿ, ಆ ಖೋಲಿಗಿ ಬಾಡಗಿ ಬರ್ತಿತ್ರಿ," ಎಂದೆ. "ನಾವು ಅದನ್ನ ದಿನಾ ಉಂಡು ಮುಗಸತಿದ್ವಿ. ಅದಕ್ಕ ಕಾಣಲಿಲ್ಲ."

ಅತ್ತೆ ಒಲೆಗೆ ಒಂದು ಕುಳ್ಳು ತಳ್ಳಿದರು. ಆಮೇಲೆ, "ಇದನ್ನ ಅವ್ರ ಮುಂದ ಹೇಳಬ್ಯಾಡ," ಎಂದರು. "ಮೊದಲ ಆ ಮನುಷ್ಯಾ ಸುತ್ತು ಹಾಕಿ ಪ್ಯಾಟಿಗಿ ಹೋಗಾಕ ಹತ್ತೈತಿ."

ನಿಜ. ಮಾವನವರು ಗಾಡಿ ಬಯಲಿನ ದಾರಿ ಬಿಟ್ಟು, ಮಠದ ಹಿಂದಿನ ಓಣಿಯಿಂದ ಸುತ್ತಿ ಪೇಟೆಗೆ ಹೋಗುತ್ತಿದ್ದರು. ಕೇಳಿದರೆ ನೆರಳಿದೆ ಎನ್ನುತ್ತಿದ್ದರು. ಆ ಓಣಿಯಲ್ಲಿ ಒಂದು ಗಿಡವೂ ಇರಲಿಲ್ಲ. ಒಮ್ಮೆ ಒಳ್ಳೆಯ ಬೆಲ್ಲದ ಪೆಂಟಿಯೊಂದನ್ನು ಹಮಾಲನ ತಲೆಯ ಮೇಲೆ ಹೊರಿಸಿ ಚಿಗವ್ವನಿಗೆ ಕಳಿಸಿದರು. ಆಕೆ ಅದನ್ನು ಅದೇ ತಲೆಯ ಮೇಲೆ ಹಿಂದೆ ಕಳಿಸಿದಳು. ಜೊತೆಗೆ ಒಂದು ಮಾತನ್ನೂ ಕಳಿಸಿದ್ದಳು. ಹಮಾಲ ಅದನ್ನು ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಬೆಲ್ಲಾ ಹಂಚಾಕ ನನಗೇನ್ ಗಂಡಮಗಾ ಹುಟ್ಯಾನೇನು, ಕೇಳಿ ಬಾ ಅಂದಾಳ್ರಿ." ಕಟ್ಟೆಯ ಮೇಲೆ ಕೂತವರೆಲ್ಲ ಗೊಳ್ಳೆಂದು ನಕ್ಕರು. ಮಾವನವರೂ ನಕ್ಕರು. ಆಮೇಲೆ ಕಟ್ಟೆಯ ಕಡೆಗೆ ಬೆನ್ನು ಮಾಡಿ ಬೆಲ್ಲವನ್ನು ತಾವೇ ಎತ್ತಿ ಒಳಗಿಟ್ಟರು.

ಮುಂದೆ ಲೈಸೆನ್ಸನ್ನು ಹೊಸದು ಮಾಡಿಸುವ ಹೊತ್ತು ಬಂದಾಗ ನಿಯಮ ಮತ್ತೆ ಬಿಗಿಯಾಗಿತ್ತು. ಈ ಸಲ ಬಂದವರು ಬೇರೆ ಸಾಹೇಬರು. ಕುರ್ಚಿಯಲ್ಲಿ ಕೂರುವವರಲ್ಲ, ನಿಂತೇ ಎಲ್ಲ ನೋಡುವವರು. ಖೋಲಿಯ ಒಳಗೋಡೆಯನ್ನು ಬೆರಳಿನಿಂದ ಕುಟ್ಟಿದರು.

"ಇದರ ಆಚೀಕ ಏನೈತ್ರಿ?"

"ಅಡಗಿ ಮನಿರಿ," ಎಂದರು ಯಜಮಾನರು.

"ಹಂಗಾರ ಆಗೂದಿಲ್ಲ. ಮನಿಗಿ ಹತ್ತಿದ ಗ್ವಾಡಿ ಇರೂಹಂಗಿಲ್ಲ. ಬ್ಯಾರೆ ಕಡೆ ಜಾಗಾ ನೋಡ್ರಿ."

"ಹ್ವಾದ ಸಲ ಬಂದ ಸಾಹೇಬ್ರು ಇದನ್ನ ಕೇಳಲಿಲ್ರಿ!"

"ಆವಾಗಿಂದು ಆವಾಗ್ರಿ. ಈಗ ನಾ ಕೇಳಾಕ ಹತ್ತೇನಿ."

ಕೊನೆಗೆ ಪೇಟೆಯ ಹೊರಗೆ, ಅಡತಿ ಅಂಗಡಿಗಳ ಸಾಲಿನಲ್ಲಿ, ಬಾಡಿಗೆಗೆ ಒಂದು ಮಳಿಗೆ ಹಿಡಿಯಬೇಕಾಯಿತು. ಯಾವ ಖರ್ಚನ್ನು ಉಳಿಸಲೆಂದು ನಾವು ಅಂದು ನೆಲ ನೋಡುತ್ತ ಕೂತಿದ್ದೆವೋ ಆ ಖರ್ಚು ಹೇಗೂ ಬಂತು. ನಮ್ಮ ಯಜಮಾನರು ಎರಡು ದಿನ ಪೆನ್ಸಿಲ್ಲು, ಹಾಳೆ ಕೆಳಗಿಡಲಿಲ್ಲ. ಆದರೆ ಮಾವನವರನ್ನು ನೋಡಬೇಕಿತ್ತು! ಡಬ್ಬಿಗಳೆಲ್ಲ ಗಾಡಿಯೇರಿ ಹೋದ ದಿನ ಅವರು ಖಾಲಿ ಖೋಲಿಯ ನಡುವೆ ನಿಂತು, "ಖೋಲಿ ಖಾಲಿ ಆತು, ಖೋಲಿ ಖಾಲಿ ಆತು," ಎಂದು ಎರಡು ಸಲ ಜೋರಾಗಿ ಅಂದರು. ಅತ್ತೆಯಿಂದ ಸಗಣಿ ಹಾಕಿಸಿ ನೆಲ ಸಾರಿಸಿದರು. ಹೊಸ ಸುಣ್ಣ ಬಳಿಸಿದರು. ಆಮೇಲೆ ರುಮಾಲು ಸುತ್ತಿಕೊಂಡು, ಯಾರನ್ನೂ ಕಳಿಸದೆ, ಗಾಡಿ ಬಯಲಿನ ನೆಟ್ಟನೆಯ ದಾರಿಯಲ್ಲಿ ತಾವೇ ನಡೆದು ಹೋದರು.

ಚಿಗವ್ವನನ್ನು ಕರೆದುಕೊಂಡೇ ಬಂದರು. ಆಕೆ ಬಹಳ ಇಳಿದುಹೋಗಿದ್ದಳು. ಅತ್ತೆ, ನಾನು ಬಾಗಿಲಲ್ಲೇ ನಿಂತಿದ್ದೆವು.

"ಬಾ ತಂಗಿ," ಎಂದರು ಮಾವನವರು. "ಇನ್ನ ಇದು ನಿಂದು. ನಾ ಇರೂತನಕಾ ಯಾರೂ ಕೇಳೂದಿಲ್ಲ."

"ಬ್ಯಾಡ ಬಿಡ್ರಿ ಯಣ್ಣಾ."

"ಒಲಿ ನಾನ ಹೂಡಸತೇನಿ. ಬಾ."

"ಒಲ್ಲೆರಿ."

ಅವರು ಮೂರನೇ ಸಲ ಕರೆದರು. ದನಿ ಸಣ್ಣದಾಗಿತ್ತು. "ಬಾರವಾ. ನನ್ನ ಸಲುವಾಗಿ ಬಾ."

ನಾವೆಲ್ಲ ಆಕೆಯ ಮುಖ ನೋಡಿದೆವು. ಮೂರನೇ ಸಲಕ್ಕೆ ಬರುತ್ತಾಳೆ ಎಂದೇ ನಾನು ತಿಳಿದಿದ್ದೆ. ಆಕೆ ಒಳಗೆ ಕಾಲಿಟ್ಟಳು ಕೂಡ. ಮೊದಲು ಒಲೆ ಇದ್ದ ಮೂಲೆಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ನೆಲಕ್ಕೆ ಮೂಗು ಹಚ್ಚಿದಳು. ಒಂದು ಕಡ್ಡಿ ತೆಗೆದುಕೊಂಡು ಸಾರಿಸಿದ ಸಗಣಿಯನ್ನು ಕೆರೆದಳು. ಅಡಿಯ ಬಿರುಕಿನಲ್ಲಿ ಪುಡಿ ಬೆಳ್ಳಗೆ ಕೂತಿತ್ತು. ಗೋಡೆಯ ಬುಡದಲ್ಲಿ, ಡಬ್ಬಿ ಸೋರಿದಲ್ಲಿ, ಮಣ್ಣು ಕಪ್ಪಾಗಿತ್ತು. ವಾಸನೆ ಮೇಲೆದ್ದು ನಮ್ಮ ಮೂಗಿಗೂ ಬಂತು.

"ಮರ್ಯಾದಿಗಿ ಒಲ್ಲೆ ಅನ್ನಾಕ ಹತ್ತಿಲ್ರಿ ಯಣ್ಣಾ," ಎಂದಳು ಆಕೆ ಎದ್ದು ಕೈ ಝಾಡಿಸುತ್ತ. "ಇಲ್ಲಿ ಹಿಟ್ಟ ಇಡಾಕ ಬರೂದಿಲ್ಲ. ನನ್ನ ರೊಟ್ಟಿ ಮಂದಿ ತಿನ್ನತಾರ."

ಮಾವನವರು ಹೊಸ್ತಿಲ ಮೇಲೆ ಕೂತರು. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಮಣ್ಣು ಅಗೆಸಿ ಹೊಸದು ಹಾಕಿಸುತ್ತೇನೆ ಎಂದರು, ಗೋಡೆ ಕೆರೆಸುತ್ತೇನೆ ಎಂದರು. ಚಿಗವ್ವ ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಹೋಗುವಾಗ ಅತ್ತೆಯ ಭುಜದ ಮೇಲೆ ಕೈಯಿಟ್ಟು, "ಈ ಗ್ವಾಡಿ ಆಚೀಕ ನಿಮ್ಮ ಅಡಗಿ ಆಕ್ಕೈತಿ ವೈನೀ. ಮೊದಲ ಅದನ್ನ ನೋಡ್ಕೋರಿ," ಎಂದಳು. ಇಷ್ಟು ದಿನ ಆ ಗೋಡೆಗೇ ಹಿಟ್ಟಿನ ಡಬ್ಬ ಆನಿಸಿ ಇಟ್ಟಿದ್ದವಳು ನಾನು. ಅದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಆ ಬೇಸಿಗೆಯಲ್ಲಿ ಚಿಗವ್ವ ಸವದತ್ತಿಗೆ ಹೋದಳು. ಅಲ್ಲಿ ಆಕೆಯ ತಮ್ಮನ ಮಗಳು ಮನೋಳಿಯಿಂದ ಬಂದು ಮನೆ ಮಾಡಿದ್ದಳು. ಇಬ್ಬರೂ ಕೂಡಿ ಬಸ್ ನಿಲ್ದಾಣದ ಹಿಂದೆ ಒಂದು ಖೋಲಿ ಹಿಡಿದು ರೊಟ್ಟಿ ಮಾರತೊಡಗಿದರು. ನಾನು ಒಮ್ಮೆ ತವರಿಗೆ ಹೋಗುವಾಗ ಸವದತ್ತಿಯಲ್ಲಿ ಬಸ್ಸು ಬದಲಿಸುತ್ತ ಅಲ್ಲಿಗೆ ಹೋಗಿದ್ದೆ. ಗಿರಾಕಿ ಬಹಳ ಇದ್ದರು. ನನ್ನನ್ನು ನೋಡಿ, "ಬಾ ಯವ್ವಾ, ಕುಂದ್ರು," ಎಂದಳು. ಉಳಿದವರ ಜೊತೆ ಸಾಲಿನಲ್ಲಿ ಕೂರಿಸಿ ಬಡಿಸಿದಳು. ಎಲ್ಲರ ಕ್ಷೇಮ ಕೇಳಿದಳು. ನಾನು ಹೇಳಬೇಕೆಂದು ಹೋದದ್ದನ್ನು ಕೇಳಲು ಆಕೆಗೆ ಬಿಡುವಿರಲಿಲ್ಲ. ಅಥವಾ ಬಿಡುವು ಮಾಡಿಕೊಳ್ಳಲಿಲ್ಲ. ಬಸ್ಸು ಬಂತು, ಹೊರಟೆ.

ಮುಂದಿನ ವರ್ಷ ಮಳೆಗೆ ಮುಂಚೆ ಮಾವನವರು ಆ ಖೋಲಿಯನ್ನು ಕೆಡವಿಸಿದರು. ಹಳೇ ಗೋಡೆಯ ಮಣ್ಣು ಎಂದರೆ ಹೊಲಕ್ಕೆ ಗೊಬ್ಬರವಿದ್ದ ಹಾಗೆ, ಊರಲ್ಲಿ ಎಲ್ಲಿ ಮನೆ ಬಿದ್ದರೂ ರೈತರು ಗಾಡಿ ಹೂಡಿಕೊಂಡು ಓಡಿ ಬರುತ್ತಾರೆ. ನಮ್ಮ ಮಣ್ಣಿಗೂ ಇಬ್ಬರು ಬಂದರು. ಒಂದೊಂದು ಹಿಡಿ ಎತ್ತಿ ಮೂಸಿ ನೋಡಿದರು. ಗಾಡಿ ತಿರುಗಿಸಿಕೊಂಡು ಹೋದರು. ಆ ಗುಪ್ಪೆ ಬೀದಿಯ ಬದಿಗೆ ಹಲವು ದಿನ ಬಿದ್ದಿತ್ತು. ಕೊನೆಗೆ ಮಾವನವರು ಕೂಲಿ ಕೊಟ್ಟು ಎರಡು ಗಾಡಿ ಗೊತ್ತುಮಾಡಿ, ಊರ ಹೊರಗಿನ ಹಳೇ ಕಲ್ಲಿನ ಖಣಿಗೆ ಅದನ್ನು ಹಾಕಿಸಿದರು. ಕೊನೆಯ ಗಾಡಿಯ ಹಿಂದೆ ತಾವೂ ನಡೆದು ಹೋಗಿ, ಎಲ್ಲ ಸುರಿದಾದ ಮೇಲೆ ಮನೆಗೆ ಬಂದು, ಯಾರದೋ ಮಣ್ಣಿಗೆ ಹೋಗಿ ಬಂದವರ ಹಾಗೆ ಕಾಲು ತೊಳೆದುಕೊಂಡು ಒಳಗೆ ಹೋದರು.